ಮಗುವಿನ ನೋವನ್ನು ಬರೆದಿಡೋಣ



ಇವತ್ತು ಒಂದು ಕಷ್ಟದ ವಿಷಯ ಮಾತಾಡೋಣ. ಮಕ್ಕಳಿಗೂ ಕ್ಯಾನ್ಸರಿನಂಥ ದೊಡ್ಡ ಕಾಯಿಲೆ ಬರುತ್ತದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಎಷ್ಟೋ ಊರುಗಳಿಂದ ಇಂಥ ಮಕ್ಕಳು ಬರುತ್ತಾರೆ. ಅನೇಕ ಮಕ್ಕಳು ಗುಣವಾಗುತ್ತಾರೆ. ಕೆಲವರು ಗುಣವಾಗುವುದಿಲ್ಲ. ಆದರೆ ನೋವು ಇಬ್ಬರಿಗೂ ಇರುತ್ತದೆ.

ಅಳುವ ಮಗುವಿಗೆ ಹಾಲು ಅಂತೀವಿ. ನೋವು ಹೆಚ್ಚಾದ ಮಗು ಎಷ್ಟೋ ಸಲ ಅಳುವುದೇ ಇಲ್ಲ. ಆಟ ಬಿಡುತ್ತದೆ. ಊಟ ಬಿಡುತ್ತದೆ. ಗೋಡೆ ಕಡೆ ತಿರುಗಿ ಸುಮ್ಮನೆ ಮಲಗುತ್ತದೆ. "ಪಾಪ, ಜಾಣ ಮಗು, ಹಟ ಮಾಡಲ್ಲ" ಅಂತ ನಾವು ಅಂದುಕೊಳ್ಳುತ್ತೇವೆ.

ನೋವು ತಗ್ಗಿಸುವ ಆರೈಕೆಗೆ ಉಪಶಮನ ಆರೈಕೆ ಎಂದು ಹೆಸರು. ಇದು ಕೊನೆಗಾಲಕ್ಕೆ ಮಾತ್ರ ಅಲ್ಲ. ಕಾಯಿಲೆ ಗೊತ್ತಾದ ದಿನದಿಂದಲೇ ಚಿಕಿತ್ಸೆಯ ಜೊತೆಗೆ ಕೊಡಬಹುದು. ನೋವು, ವಾಂತಿ, ಉಸಿರಾಟದ ತೊಂದರೆ, ಭಯ, ಎಲ್ಲವನ್ನೂ ಇದರಲ್ಲಿ ನೋಡುತ್ತಾರೆ. ಆಟ, ಕಥೆಗಳೂ ಇದರಲ್ಲಿ ಸೇರಿವೆ. ತಂದೆ ತಾಯಿಯ ಸಂಕಟವನ್ನೂ ಕೇಳುತ್ತಾರೆ.

ತುಂಬಾ ನೋವಿಗೆ ಮಾರ್ಫಿನ್ ಎಂಬ ಔಷಧಿ ಇದೆ. ಅದು ಅಫೀಮಿನಿಂದ ಬಂದದ್ದು. "ಮಗುವಿಗೆ ಚಟ ಹತ್ತಲ್ವಾ?" ಎಂದು ಹೆದರುತ್ತೇವೆ. ನೋವಿಗೆಂದು ಡಾಕ್ಟರು ಅಳತೆ ನೋಡಿ ಕೊಟ್ಟರೆ ಆ ಭಯ ಬೇಡ. 1985ರ ಕಾನೂನಿನಿಂದ ಈ ಔಷಧಿ ಸಿಗುವುದು ಬಹಳ ಕಷ್ಟವಾಗಿತ್ತು. 2014ರಲ್ಲಿ ಆ ಕಾನೂನು ತಿದ್ದಿ ಸುಲಭ ಮಾಡಿದರು. ಇದನ್ನು ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಕೊಡಬೇಕು. ನೋವು ಬರಲಿ ಅಂತ ಕಾಯಬಾರದು. ನಾವಾಗಿಯೇ ಹೆಚ್ಚು ಕಡಿಮೆ ಮಾಡಬಾರದು. ತಟ್ಟನೆ ನಿಲ್ಲಿಸಲೂಬಾರದು. ಮಲಬದ್ಧತೆ ಆದರೆ ಡಾಕ್ಟರಿಗೆ ಹೇಳಬೇಕು. ಮಗು ಎಬ್ಬಿಸಿದರೂ ಏಳದಷ್ಟು ಮಂಪರಾದರೆ ತಕ್ಷಣ ಹೇಳಬೇಕು.

ಈಗ ನಿಮಗೆ ಓದು ಬರಹ ಬಂದಿದೆ. ಗಡಿಯಾರ, ಅಂಕಿ ಗೊತ್ತಿದೆ. ಒಂದು ನೋಟ್ ಪುಸ್ತಕ ಇಡಿ. ಔಷಧಿ ಎಷ್ಟು ಗಂಟೆಗೆ ಕೊಟ್ಟಿರಿ? ಎಷ್ಟು ಕೊಟ್ಟಿರಿ? ನೋವು ಎಲ್ಲಿ? ರಾತ್ರಿ ನಿದ್ದೆ ಬಂತೇ? ಬರೆದಿಡಿ. ನೋವು ಎಷ್ಟು ಅಂತ ಮಗುವಿಗೆ ಹೇಳಲು ಬರದಿದ್ದರೆ ನಗುವ ಮುಖ, ಅಳುವ ಮುಖ ಬರೆದು ತೋರಿಸಿ. ಬೆರಳಿಟ್ಟು ತೋರಿಸುತ್ತದೆ.

ಆ ಪುಸ್ತಕವನ್ನು ಡಾಕ್ಟರ ಮುಂದೆ ಇಡಿ. "ನನ್ನ ಮಗುವಿಗೆ ನೋವಿದೆ, ಕಡಿಮೆ ಮಾಡಿ" ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಕಾಯಿಲೆ ವಾಸಿಯಾಗದೇ ಹೋದರೂ ನೋವು ತಗ್ಗಿಸಬಹುದು. ನೋವಿಲ್ಲದ ಮಗು ಮತ್ತೆ ನಿಮ್ಮ ಕಡೆ ತಿರುಗಿ ಮಲಗುತ್ತದೆ. ಒಂದು ಕಥೆ ಹೇಳು ಅನ್ನುತ್ತದೆ. ಆಗ ಓದಿ ಹೇಳಿ.