ಅರವತ್ತೈದನೇ ಕಲಂ ಜಾರಿ ಮಾಡುವವರು ಯಾರು?



ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶಗಳಲ್ಲಿ ಹತ್ತು ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್‌ಗಳ ಪುಟ ತೆರೆದು ನೋಡಿ. ರೈತರಿಗೆ ವಿದ್ಯುತ್ ಉಚಿತ ಎಂದಿರುತ್ತದೆ. ಅದರ ಕೆಳಗೇ ಸಣ್ಣದೊಂದು ಟಿಪ್ಪಣಿ: ಸರ್ಕಾರ ಸಬ್ಸಿಡಿ ಹಣವನ್ನು ಮುಂಗಡವಾಗಿ ಬಿಡುಗಡೆ ಮಾಡದಿದ್ದರೆ, ಆಯೋಗ ನಿಗದಿಪಡಿಸಿದ ದರವನ್ನು ಈ ಗ್ರಾಹಕರಿಂದಲೇ ವಸೂಲು ಮಾಡತಕ್ಕದ್ದು. ಹಣ ಬಾಕಿ ಉಳಿದ ವರ್ಷಗಳು ಎಷ್ಟೋ ಇವೆ. ಆ ಟಿಪ್ಪಣಿ ಜಾರಿಗೆ ಬಂದದ್ದನ್ನು ಮಾತ್ರ ನಾನು ಕಂಡಿಲ್ಲ.

ರೈತರಿಗೆ ಬಿಲ್ ಕೊಡಿ ಎಂದು ಕೇಳಲು ನಾನು ಬಂದಿಲ್ಲ. ಬೋರ್‌ವೆಲ್ ನಂಬಿ ಬದುಕುವ ಮನೆಯಿಂದಲೇ ಬಂದವನು ನಾನು. ಆದರೆ ಬರೆದಿಟ್ಟ ಕಾನೂನು ಕಾಗದದಲ್ಲೇ ಉಳಿದರೆ ಅದರ ಹೊರೆ ಯಾರ ತಲೆಗೆ ಬೀಳುತ್ತದೆ ಎಂಬುದನ್ನು ಕೇಳಲೇಬೇಕು.

ಟಿಪ್ಪಣಿಯ ಮೂಲ 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಕಲಂ. ಯಾವುದೇ ವರ್ಗಕ್ಕೆ ಸಬ್ಸಿಡಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆದರೆ ಹಣವನ್ನು ಮೊದಲೇ ಕಟ್ಟಬೇಕು. ಕಟ್ಟದಿದ್ದರೆ ಸಬ್ಸಿಡಿಯ ಆದೇಶ ಊರ್ಜಿತವಲ್ಲ, ಆಯೋಗದ ದರವೇ ನಡೆಯುತ್ತದೆ. ಇದಕ್ಕಿಂತ ಸ್ಪಷ್ಟವಾಗಿ ಬರೆಯಲಾಗದು. ಹಾಗಾದರೆ ಆಯೋಗದ ಕೈ ತಡೆಯುವುದೇನು? ಸರ್ಕಾರಕ್ಕೆ ‘ನಿಮ್ಮ ಹಣ ಬಂದಿಲ್ಲ’ ಎಂದು ಹೇಳಬೇಕಾದ ಸದಸ್ಯರನ್ನು ನೇಮಿಸುವುದೂ ಅದೇ ಸರ್ಕಾರ. ನೇಮಕಾತಿ ಮತ್ತು ಸಬ್ಸಿಡಿಯನ್ನು ಇಂದು ಎರಡು ಗೋಷ್ಠಿಗಳಲ್ಲಿ ಹಂಚಿದ್ದೇವೆ. ನನ್ನ ಮಟ್ಟಿಗೆ ಅದು ಒಂದೇ ಪ್ರಶ್ನೆ.

ನೇಮಕಾತಿಯ ನಿಯಮವೂ ಕಾಗದದ ಮೇಲೆ ಚೆನ್ನಾಗಿಯೇ ಇದೆ. 85ನೇ ಕಲಂ ಪ್ರಕಾರ ಆಯ್ಕೆ ಸಮಿತಿಗೆ ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರು ಅಧ್ಯಕ್ಷರು. ಸದಸ್ಯರ ಅವಧಿ ಮುಗಿಯುವ ಆರು ತಿಂಗಳ ಮೊದಲೇ ಸರ್ಕಾರ ಸಮಿತಿಗೆ ಬರೆಯಬೇಕು, ಸಮಿತಿ ಮೂರು ತಿಂಗಳಲ್ಲಿ ಪ್ರತಿ ಹುದ್ದೆಗೆ ಎರಡು ಹೆಸರು ಕೊಡಬೇಕು. ಬರೆಯದೇ ಇದ್ದರೆ? ಕಾಯ್ದೆ ಅಲ್ಲಿ ಮೌನ. ಗರಿಷ್ಠ ಮೂವರಿರುವ ಆಯೋಗದಲ್ಲಿ ಒಂದು ಕುರ್ಚಿ ಖಾಲಿಯಾದರೂ ಎಷ್ಟು ಕೆಲಸ ನಿಲ್ಲುತ್ತದೆ ಎಂಬುದು ಇಲ್ಲಿರುವ ವಕೀಲರಿಗೆ ಗೊತ್ತು. 2018ರಲ್ಲಿ ಗುಜರಾತ್ ಸರ್ಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆಯೋಗದಲ್ಲಿ ಕಾನೂನು ಹಿನ್ನೆಲೆಯ ಒಬ್ಬ ಸದಸ್ಯರಾದರೂ ಇರಲೇಬೇಕೆಂದಿತು. ದೆಹಲಿಯಲ್ಲಿ 2023ರಲ್ಲಿ ಆಯೋಗದ ಅಧ್ಯಕ್ಷರು ಯಾರೆಂಬ ಬಗ್ಗೆ ಚುನಾಯಿತ ಸರ್ಕಾರಕ್ಕೂ ಲೆಫ್ಟಿನೆಂಟ್ ಗವರ್ನರಿಗೂ ಜಗಳ ಹತ್ತಿ, ಕೊನೆಗೆ ಸುಪ್ರೀಂ ಕೋರ್ಟೇ ನಿವೃತ್ತ ನ್ಯಾಯಮೂರ್ತಿ ಜಯಂತ್ ನಾಥ್ ಅವರನ್ನು ತಾತ್ಕಾಲಿಕವಾಗಿ ಕೂರಿಸಬೇಕಾಯಿತು.

ಈ ಕಾಯ್ದೆಗೆ ಕೇಂದ್ರ ತಂದ 2020ರ ಕರಡು ತಿದ್ದುಪಡಿ ಇದಕ್ಕೆ ಹೇಳಿದ ಮದ್ದು ದೇಶಕ್ಕೆಲ್ಲ ಒಂದೇ ಆಯ್ಕೆ ಸಮಿತಿ. ನಾನು ಒಪ್ಪುವುದಿಲ್ಲ. ಬೆಂಗಳೂರಿನ ಹಿಡಿತ ಬಿಡಿಸಲು ಹೋಗಿ ದೆಹಲಿಯ ಹಿಡಿತ ಬಿಗಿಯಾದರೆ ಆಯೋಗ ಸ್ವತಂತ್ರವಾದಂತಾಯಿತೇ? ವಿದ್ಯುತ್ ಸಮವರ್ತಿ ಪಟ್ಟಿಯ ವಿಷಯ ಎಂಬುದನ್ನು ಮರೆಯಬಾರದು. ಬೇಕಾದದ್ದು ಇಷ್ಟು: ಗಡುವು ಮೀರಿದರೆ ಸಮಿತಿ ಸ್ವತಃ ಕೆಲಸ ಆರಂಭಿಸಲಿ, ಇಬ್ಬರಲ್ಲಿ ಒಬ್ಬರನ್ನು ಆರಿಸಿದ ಕಾರಣ ಪ್ರಕಟವಾಗಲಿ, ನಿನ್ನೆ ಇಂಧನ ಇಲಾಖೆಯಲ್ಲೋ ವಿದ್ಯುತ್ ಸರಬರಾಜು ಕಂಪನಿಯಾದ ಎಸ್ಕಾಂನಲ್ಲೋ ಕಡತಕ್ಕೆ ಸಹಿ ಹಾಕಿದವರು ಇಂದು ಅದೇ ಕಡತದ ಮೇಲೆ ತೀರ್ಪು ಕೊಡದಂತೆ ನಡುವೆ ಎರಡು ವರ್ಷದ ಅಂತರವಿರಲಿ. ಹುದ್ದೆ ಬಿಟ್ಟವರಿಗೆ ಇಂಥ ಅಂತರವನ್ನು ಕಾಯ್ದೆ ಹಾಕಿದೆ, ಬರುವವರಿಗೆ ಹಾಕಿಲ್ಲ.

ಅದೇ 2020ರ ಕರಡು ಸಬ್ಸಿಡಿಯನ್ನು ನೇರ ಗ್ರಾಹಕರ ಖಾತೆಗೆ ಹಾಕಬೇಕೆಂದಿತು. ರೈತ ಸಂಘಟನೆಗಳು ವಿರೋಧಿಸಿದವು. ಅವರ ಆತಂಕ ಬರೀ ರಾಜಕೀಯವಲ್ಲ. ಒಮ್ಮೆ ದರ ಪರಿಷ್ಕರಣೆಯ ವಿಚಾರಣೆಯಲ್ಲಿ ನನ್ನ ಪಕ್ಕ ಕುಳಿತಿದ್ದ ವಯಸ್ಸಾದ ರೈತರೊಬ್ಬರು, ಕೈಯಲ್ಲಿ ಮಡಿಸಿದ ಟವೆಲ್ ಹಿಡಿದೇ ಎದ್ದು ನಿಂತು ಕೇಳಿದರು: “ಸ್ವಾಮಿ, ನನ್ನ ಪಂಪಿಗೆ ಮೀಟ್ರೇ ಇಲ್ಲ. ತ್ರೀ ಫೇಸ್ ಕೊಡೋದು ನಡುರಾತ್ರಿ, ಟಿ.ಸಿ. ಸುಟ್ಟರೆ ವಾರಗಟ್ಟಲೆ ಕಾಯ್ತೀನಿ. ನಾನು ಇಷ್ಟು ಯೂನಿಟ್ ಉರಿಸಿದೆ ಅಂತ ಯಾರು ನೋಡಿ ಬರೆದ್ರು?” ಸಭೆಯಲ್ಲಿ ಯಾರೂ ಉತ್ತರಿಸಲಿಲ್ಲ. ಪಂಪ್‌ಸೆಟ್ ಬಳಕೆ ಇಂದಿಗೂ ಬಹುಪಾಲು ಅಂದಾಜು. ಫೀಡರಿನ ಲೆಕ್ಕದಿಂದ ಒಂದಿಷ್ಟು ಕಳೆದು, ಉಳಿದದ್ದನ್ನು ಪಂಪುಗಳಿಗೆ ಹಂಚುತ್ತೇವೆ. ಕಳ್ಳತನವೂ ಸೋರಿಕೆಯೂ ಆ ಅಂದಾಜಿನಲ್ಲಿ ರೈತನ ಹೆಸರು ಹೊತ್ತು ಅಡಗಬಹುದು. ಅಳತೆಯೇ ಇಲ್ಲದ ಕಡೆ ಯಾರ ಖಾತೆಗೆ ಎಷ್ಟು ಹಾಕುವುದು? ಮೊದಲು ಪ್ರತಿ ಟಿ.ಸಿ.ಗೂ, ಅಂದರೆ ಟ್ರಾನ್ಸ್‌ಫಾರ್ಮರ್‌ಗೂ, ಮೀಟರ್ ಬರಲಿ, ಅದರ ಲೆಕ್ಕ ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ಬರಲಿ. ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯದ ಗೃಹಜ್ಯೋತಿಯಲ್ಲಿ ಮನೆಮನೆಗೂ ಮೀಟರ್ ಇರುವುದರಿಂದ 200 ಯೂನಿಟ್‌ವರೆಗಿನ ಬಾಬ್ತು ಪೈಸೆ ಲೆಕ್ಕದಲ್ಲಿ ಸಿಗುತ್ತದೆ. ವ್ಯತ್ಯಾಸ ಅಲ್ಲೇ ಕಾಣುತ್ತದೆ.

2023ರಲ್ಲಿ ಕೇಂದ್ರ ತಿದ್ದಿದ ನಿಯಮಗಳು ಪ್ರತಿ ತ್ರೈಮಾಸಿಕಕ್ಕೂ ಸಬ್ಸಿಡಿಯ ಲೆಕ್ಕ ಕೊಡಬೇಕೆನ್ನುತ್ತವೆ. ಒಳ್ಳೆಯದೇ. ಆ ಲೆಕ್ಕದಲ್ಲಿ ಬಾಕಿ ಕಂಡ ದಿನ ಸಬ್ಸಿಡಿ ಇಲ್ಲದ ದರ ಜಾರಿಗೆ ಆದೇಶ ಹೊರಡಿಸಬೇಕಾದವರು ಮತ್ತೆ ಆಯೋಗದ ಅದೇ ಮೂವರು.

ಮಧ್ಯಾಹ್ನದ ಗೋಷ್ಠಿಯಲ್ಲಿ ವಿದ್ಯಾರ್ಥಿಗಳಿಂದ ನನಗೊಂದು ಬೇಡಿಕೆ ಇದೆ. 85ನೇ ಕಲಮಿಗೆ ಒಂದು ವಾಕ್ಯ, 65ನೇ ಕಲಮಿಗೆ ಒಂದು ವಾಕ್ಯ, ಎರಡನ್ನೂ ಶಾಸನದ ಭಾಷೆಯಲ್ಲೇ ಕನ್ನಡದಲ್ಲಿ ಬರೆದು ತನ್ನಿ. ಕೊನೆಯ ಗೋಷ್ಠಿ ಮುಗಿಯುವವರೆಗೂ ನಾನು ಇಲ್ಲೇ ಕುಳಿತಿರುತ್ತೇನೆ.