ಶುಶ್ರೂಷೆ ಎಂಬ ಮಾತು

ಶುಶ್ರೂಷೆ ಎಂಬ ಮಾತನ್ನು ನಾವು ರೋಗಿಯ ಆರೈಕೆ ಎಂಬರ್ಥದಲ್ಲಿಯೇ ಬಳಸುತ್ತ ಬಂದಿದ್ದೇವೆ. ಸಂಸ್ಕೃತದಲ್ಲಿ ಅದರ ಮೂಲ ‘ಶ್ರು’ ಧಾತು. ಕೇಳಬೇಕೆಂಬ ಇಚ್ಛೆ ಎಂಬುದೇ ಅದರ ಮೊದಲ ಅರ್ಥ. ಸೇವೆಯೆಂಬ ಅರ್ಥ ಆಮೇಲೆ ಕೂಡಿಕೊಂಡದ್ದು. ನಾವೆಲ್ಲ ‘ಸಿಸ್ಟರ್’ ಎಂದು ಕರೆಯುವ ದಾದಿಗೆ ಈ ಹಳೆಯ ಅರ್ಥ ಎಷ್ಟು ಸಲ್ಲುತ್ತದೆಂಬುದು ಮಕ್ಕಳ ವಾರ್ಡಿನಲ್ಲಿ ತಿಳಿಯುತ್ತದೆ. ವೈದ್ಯರು ಬಂದು ನೋಡಿ ಹೋಗುತ್ತಾರೆ. ಮಗುವಿನ ಅಂಗಿ ಬಿಚ್ಚಿ ಮೈ ಒರೆಸುವವಳು, ಅದು ನಡುರಾತ್ರಿ ಬೆಚ್ಚಿ ಎದ್ದಾಗ ಬಳಿಗೆ ಹೋಗುವವಳು ದಾದಿ.

ಆಕೆಯ ಕಣ್ಣಿಗೆ ಬೀಳುವುದೇನು? ಇನ್ನೂ ಮಗುಚಿಕೊಳ್ಳಲಾರದ ಹಸುಗೂಸಿನ ಕಿವಿಯ ಮೇಲೆ ಕಂದಿದ ಗುರುತು. ‘ಬಿಸಿನೀರು ಚೆಲ್ಲಿತು’ ಎನ್ನುತ್ತಾರೆ. ಚೆಲ್ಲಿದ ನೀರು ಅಂಕುಡೊಂಕಾಗಿ ಸುಡುತ್ತದೆ, ಇಲ್ಲಿಯಾದರೋ ಎರಡು ಪಾದಗಳೂ ಕಾಲುಚೀಲ ತೊಡಿಸಿದಂತೆ ಒಂದೇ ಗೆರೆಗೆ ಬೆಂದಿವೆ. ಬೆಳಿಗ್ಗೆ ತಂದೆ ಹೇಳಿದ ಕಥೆ ಒಂದು, ಸಂಜೆ ತಾಯಿ ಹೇಳಿದ್ದು ಇನ್ನೊಂದು. ತಪ್ಪು ತಿಳಿಯುವುದಕ್ಕೂ ಅವಕಾಶವುಂಟು. ನಮ್ಮ ಎಷ್ಟೋ ಕೂಸುಗಳ ಬೆನ್ನಿನ ಕೆಳಭಾಗದಲ್ಲಿ ಹುಟ್ಟಿನಿಂದಲೇ ನೀಲಿ ಮಚ್ಚೆಗಳಿರುತ್ತವೆ. ಅವು ಏಟಿನ ಗುರುತಲ್ಲ. ಕಾಮಾಲೆಗೆಂದು, ಬಾಲಗ್ರಹಕ್ಕೆಂದು ಎಳೆಗೂಸಿಗೆ ಬರೆ ಹಾಕುವುದು ನಮ್ಮಲ್ಲಿ ಇನ್ನೂ ಪೂರ್ತಿ ನಿಂತಿಲ್ಲ. ಬರೆ ಹಾಕಿಸಿದ ಅಜ್ಜಿಯ ಮನಸ್ಸಿನಲ್ಲಿ ಕ್ರೌರ್ಯವಿಲ್ಲ. ಕೂಸಿನ ಹೊಟ್ಟೆಯಂತೂ ಸುಟ್ಟಿದೆ. ಅದನ್ನು ಏನೆಂದು ಬರೆಯಬೇಕು?

ವೈದ್ಯಶಾಸ್ತ್ರಕ್ಕೂ ಇದು ಬೇಗ ಕಾಣಲಿಲ್ಲ. ಅಮೆರಿಕದ ಜಾನ್ ಕೆಫಿ ಎಂಬ ವೈದ್ಯರು 1946ರಲ್ಲಿ ಶಿಶುಗಳ ಕ್ಷಕಿರಣ ಚಿತ್ರಗಳಲ್ಲಿ ಕಾರಣ ತಿಳಿಯದ ಮೂಳೆಮುರಿತಗಳನ್ನು ಗುರುತಿಸಿದರು. ಹೆನ್ರಿ ಕೆಂಪ್ ಮತ್ತು ಸಂಗಡಿಗರು ಅದಕ್ಕೆ ‘ಏಟು ತಿಂದ ಮಗುವಿನ ಲಕ್ಷಣಕೂಟ’ ಎಂದು ಹೆಸರಿಟ್ಟದ್ದು 1962ರಲ್ಲಿ. ಹೆಸರು ಬಂದ ಕೆಲವೇ ವರ್ಷಗಳಲ್ಲಿ ಅಲ್ಲಿ ವರದಿಯ ಕಾನೂನುಗಳು ಬಂದವು.

ನಮ್ಮಲ್ಲಿ 2012ರ ಪೋಕ್ಸೋ ಕಾಯಿದೆ ಲೈಂಗಿಕ ಅಪರಾಧಗಳ ಮಟ್ಟಿಗೆ ಮಾತನ್ನು ಬಿಗಿಯಾಗಿ ಆಡಿದೆ. ಅದರ 19ನೆಯ ಕಲಮಿನ ಪ್ರಕಾರ ಅಪರಾಧ ನಡೆದದ್ದು ತಿಳಿದವರು ಮಾತ್ರವಲ್ಲ, ನಡೆದೀತೆಂಬ ಆತಂಕವುಳ್ಳವರೂ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ದಂಡ, ಅಥವಾ ಎರಡೂ. ಸದ್ಭಾವದಿಂದ ತಿಳಿಸಿದವರಿಗೆ ರಕ್ಷಣೆಯೂ ಉಂಟು. ಆದರೆ ಹೊಡೆತ, ಸುಡುವಿಕೆಗಳ ವಿಷಯದಲ್ಲಿ ಇಷ್ಟು ಸ್ಪಷ್ಟತೆಯಿಲ್ಲ. 2015ರ ಬಾಲನ್ಯಾಯ ಕಾಯಿದೆ ಮಗುವಿನ ಹೊಣೆ ಹೊತ್ತವರ ಕ್ರೌರ್ಯವನ್ನು ಶಿಕ್ಷಿಸುತ್ತದೆ. ಕಂಡವರೆಲ್ಲರೂ ಹೇಳಲೇಬೇಕೆಂದು ಪೋಕ್ಸೋದಂತೆ ಕಟ್ಟುಮಾಡಿಲ್ಲ. ಇದು ದೊಡ್ಡ ಕೊರತೆಯೆಂದೇ ನನ್ನ ಭಾವನೆ.

ಕಾನೂನು ರಕ್ಷಿಸುತ್ತದೆ, ನಿಜ. ಗುತ್ತಿಗೆಯ ಮೇಲೆ ದುಡಿಯುವ ಕಿರಿಯ ದಾದಿಗೆ ‘ಅವರು ಊರಿನ ದೊಡ್ಡ ಮನೆಯವರಮ್ಮ, ನಿನಗೇಕೆ’ ಎಂದು ಹಿರಿಯರೊಬ್ಬರು ಹೇಳಿದ ರಾತ್ರಿ ಆ ಕಲಮು ಬಹಳ ದೂರದಲ್ಲಿರುತ್ತದೆ. ಮರುದಿನ ಮಗು ಅದೇ ಮನೆಗೆ ಹಿಂದಿರುಗಲಿದೆ. ಮೇಲಿನವರ ಕಿವಿಗೆ ಹಾಕಿದ ಮಾತ್ರಕ್ಕೆ ಆಕೆಯ ಹೊಣೆ ಇಳಿಯುವುದಿಲ್ಲ. ರುಜುವಾತು ಹುಡುಕುವುದು ಆಕೆಯ ಕೆಲಸವೂ ಅಲ್ಲ; ಅದು ತನಿಖೆಯವರದು.

ಆಕೆಗೆ ಸೇರಿದ್ದು ಬರವಣಿಗೆ. ನನ್ನಂಥ ಭಾಷೆಯ ಮೇಷ್ಟರಿಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ‘ಮಾಮ ಇಲ್ಲಿ ಚಿವುಟ್ತಾನೆ’ ಎಂದು ಮಗು ಹೇಳಿದರೆ ಕೇಸ್ ಶೀಟಿನಲ್ಲಿ ಅದು ಇಂಗ್ಲಿಷಿನ ಒಂದು ಭಾರವಾದ ಪದವಾಗಿ ಕುಳಿತುಬಿಡುತ್ತದೆ. ಚಿವುಟಿದ್ದೂ ಹೋಯಿತು, ಮಾಮನೂ ಹೋದ. ಮಗುವಿನ ದೂರನ್ನು ಅದಕ್ಕೆ ತಿಳಿಯುವ ಸರಳ ಭಾಷೆಯಲ್ಲಿ ದಾಖಲಿಸಬೇಕೆಂದು, ಬೇಕಾದಲ್ಲಿ ಭಾಷಾಂತರಕಾರರನ್ನು ಕೊಡಬೇಕೆಂದು ಕಾಯಿದೆಯೇ ಪೊಲೀಸರಿಗೆ ಹೇಳಿದೆ. ವಾರ್ಡಿನಲ್ಲಿಯೂ ಹಾಗೆಯೇ ನಡೆಯಲಿ. ಕೇರಳದಿಂದ ಬಂದ ದಾದಿಯಾದರೆ ಕನ್ನಡ ಬಲ್ಲ ಸಹೋದ್ಯೋಗಿಯನ್ನು ಕರೆದುಕೊಳ್ಳಲಿ. ಮಗು ಆಡಿದ ಮಾತು, ಆಡಿದ ಹೊತ್ತು, ಬಳಿಯಲ್ಲಿದ್ದವರು ಯಾರು, ಇಷ್ಟನ್ನು ಇದ್ದಂತೆಯೇ ಬರೆದು ಕೆಳಗೆ ತನ್ನ ಹೆಸರನ್ನು ಹಾಕಲಿ.