ದಾವಣಗೆರೆಗೂ ಒಂದು ದೆವ್ವ ಬೇಕು

ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಿಂದಲೇ ಮಾತಾಡ್ತಿದ್ದೀನಿ, ಮಧ್ಯೆ ಪಕ್ಕದ ಮನೆ ಕುಕ್ಕರ್ ಕೂಗಿದರೆ ಹಿನ್ನೆಲೆ ಸಂಗೀತ ಅಂದ್ಕೊಳ್ಳಿ. ಇವತ್ತಿನ ವಿಷಯ ದೆವ್ವದ ಸಿನಿಮಾ. ಅದರಲ್ಲೂ ಹೆದರಿಸ್ತಾ ನಗಿಸೋ ದೆವ್ವ.

ನನ್ನ ಕೇಳಿದ್ರೆ, ಕನ್ನಡದ ಅತಿ ಒಳ್ಳೆ ಹಾರರ್ ಕಾಮಿಡಿಯನ್ನ ಯಾವ ನಿರ್ದೇಶಕನೂ ಬರೆದಿಲ್ಲ. ಬರೆದಿದ್ದು ಜನ, ಅದೂ ಬಾಗಿಲ ಮೇಲೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಕಡೆ ಹಬ್ಬಿದ 'ನಾಳೆ ಬಾ' ಕತೆ ಗೊತ್ತಲ್ಲ? ರಾತ್ರಿ ದೆವ್ವ ಬಂದು ನಿಮ್ಮ ಮನೆಯವರದೇ ದನಿಯಲ್ಲಿ ಕೂಗುತ್ತೆ. ಬಾಗಿಲು ತೆಗೆದ್ರೆ ಮುಗೀತು. ಅದಕ್ಕೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯೋದು. ದೆವ್ವ ಓದ್ಕೊಂಡು ವಾಪಸ್ ಹೋಗುತ್ತೆ. ಮಾರನೇ ದಿನ ಬಂದು ಮತ್ತೆ ಓದುತ್ತೆ, ಮತ್ತೆ ಹೋಗುತ್ತೆ. ಎಷ್ಟು ಮರ್ಯಾದಸ್ಥ ದೆವ್ವ ನೋಡ್ರಿ! ಕನ್ನಡ ಓದೋಕೆ ಬರುತ್ತೆ, ಹೇಳಿದ ಮಾತು ಕೇಳುತ್ತೆ.

ನಾನು ಬಿ.ಕಾಂ. ಓದಿದವನು. ನನಗೆ ಇದು ಕಿರಾಣಿ ಅಂಗಡಿ ಕತೆ ಅನ್ಸುತ್ತೆ. 'ಇಂದು ನಗದು, ನಾಳೆ ಉದ್ರಿ' ಬೋರ್ಡಿನ ಲೆಕ್ಕವೇ ಅಲ್ವಾ? ಉದ್ರಿ ಕೇಳೋಕೆ ಬಂದವರನ್ನ ಸಾಗಹಾಕೋ ಉಪಾಯವನ್ನೇ ನಮ್ಮವರು ಸಾವಿನ ಮೇಲೂ ಪ್ರಯೋಗ ಮಾಡಿದ್ರು. ಭಯ ನಿಜವಾದ್ದು, ಉಪಾಯ ತಮಾಷೆಯದ್ದು. ಎರಡೂ ಒಂದೇ ಬಾಗಿಲಲ್ಲಿ ನಿಂತಿದ್ವು. 2018ರಲ್ಲಿ 'ಸ್ತ್ರೀ' ಅನ್ನೋ ಹಿಂದಿ ಸಿನಿಮಾ ಇದೇ ಎಳೆಯನ್ನ ಮಧ್ಯಪ್ರದೇಶದ ಚಂದೇರಿಗೆ ಒಯ್ದು, ಗೋಡೆ ಮೇಲೆ ಹಿಂದಿಯಲ್ಲಿ ಬರೆಸಿ, ಭರ್ಜರಿ ಗೆದ್ದಿತು. ಹೊಟ್ಟೆ ಉರೀತು ಅಂತ ಹೇಳೋಕೆ ನನಗೇನೂ ನಾಚಿಕೆ ಇಲ್ಲ.

ನಮ್ಮ ಹತ್ರ 'ಆಪ್ತಮಿತ್ರ' ಇತ್ತಲ್ಲ ಅಂತೀರಿ. ಇತ್ತು. ಮಲಯಾಳದ ರೀಮೇಕ್ ಆದ್ರೂ, ಗುರುಕಿರಣ್ ಸಂಗೀತ, ಸೌಂದರ್ಯ ಅವರ ಆ ಕಣ್ಣು, ಇವತ್ತಿಗೂ ಮೈ ಜುಮ್ಮನ್ನುತ್ತೆ. 2004ರ ಆಗಸ್ಟಿನಲ್ಲಿ ಸಿನಿಮಾ ತೆರೆಗೆ ಬರೋ ಹೊತ್ತಿಗೆ ಅವರೇ ವಿಮಾನ ದುರಂತದಲ್ಲಿ ತೀರಿಹೋಗಿದ್ರು. ಆದ್ರೆ ಆ ಕತೆಯಲ್ಲಿ ದೆವ್ವವೇ ಇಲ್ಲ. ಗಂಗಾ ಅನ್ನೋ ಹೆಣ್ಣುಮಗಳ ಮನಸ್ಸಿಗೆ ಕಾಯಿಲೆ, ಅದನ್ನ ಗುರುತಿಸೋ ಒಬ್ಬ ಡಾಕ್ಟರ್. ಅಷ್ಟು ಹೇಳಿದ ಸಿನಿಮಾದಿಂದ ಊರು ಕಲಿತಿದ್ದು ಮಾತ್ರ ಒಂದು ಅಡ್ಡಹೆಸರು. ಯಾವ ಹೆಂಗಸು ಕೂದಲು ಬಿಟ್ಕೊಂಡು ಸಿಟ್ಟಾದ್ರೂ 'ನಾಗವಲ್ಲಿ'. ನಮ್ಮ ಹಳೇ ಓಣಿಯಲ್ಲೂ ಒಬ್ಬ ಆಂಟಿಗೆ ಆ ಹೆಸರಿತ್ತು. ಅವರಿಗೆ ಏನಾಗಿದೆ ಅಂತ ಕೇಳಿದವರನ್ನ ನಾನಂತೂ ಕಾಣೆ.

'ಸು ಫ್ರಮ್ ಸೋ' ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಕಳೆದ 2025ರ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡು ಅವರ ಸಿನಿಮಾ. ಅಶೋಕ ಅನ್ನೋ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನ ಬಂದಿದ್ದಾಳೆ ಅಂತ ಊರೇ ನಂಬುತ್ತೆ. ನಾವು ನಗೋದು ಸುಲೋಚನಾಳನ್ನ ನೋಡಿ ಅಲ್ಲ, ಹೆದರಿ ಒಬ್ಬರ ಹಿಂದೊಬ್ಬರು ಅಡಗೋ ಗಂಡಸರನ್ನ ನೋಡಿ. ನಕ್ಕು ನಕ್ಕು ಸುಸ್ತಾದ ಮೇಲೆ, ಬದುಕಿರೋ ಒಬ್ಬ ಹೆಣ್ಣುಮಗಳ ಕಷ್ಟ ಎದುರಿಗೆ ಬರುತ್ತೆ. ಮುಂದಿನದು ಹೇಳಲ್ಲ, ನೋಡದವರು ಬೈತಾರೆ.

ನನ್ನದೊಂದೇ ತಕರಾರು. ನಮ್ಮ ದೆವ್ವಗಳೆಲ್ಲ ಯಾಕ್ರಿ ಕರಾವಳಿಯವೇ? ದೂರದರ್ಶನದ 'ಗುಡ್ಡದ ಭೂತ' ಧಾರಾವಾಹಿಯಲ್ಲಿದ್ದ ಆ 'ಡೆನ್ನಾನ' ಧಾಟಿ 2015ರ 'ರಂಗಿತರಂಗ'ದಲ್ಲಿ ಮತ್ತೆ ಬಂದಾಗ, ನಮ್ಮಮ್ಮ ಅಡುಗೆಮನೆಯಿಂದ ಓಡಿಬಂದ್ರು. ತುಳು ಒಂದಕ್ಷರ ಬರಲ್ಲ, ಹೆದರಿಕೆ ಮಾತ್ರ ಪೂರ್ತಿ ಅರ್ಥ ಆಗುತ್ತೆ! ಮಳೆ, ಕಾಡು, ಮಂಜು ಇದ್ರೆ ದೆವ್ವಕ್ಕೆ ಅನುಕೂಲ, ಒಪ್ತೀನಿ. ನಮ್ಮಲ್ಲಿ ಏಪ್ರಿಲ್ ಬಿಸಿಲಿಗೆ ದೆವ್ವವೂ ನೆರಳು ಹುಡುಕಬೇಕು.

ಆದ್ರೆ ನಮ್ಮೂರಲ್ಲಿ ಮುಚ್ಚಿದ ಮಿಲ್‌ಗಳಿವೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಪಕ್ಕದ ಹರಿಹರದಲ್ಲಿ ಲೇತ್ ಯಂತ್ರ ಮಾಡ್ತಿದ್ದ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ನಮ್ಮ ತಾತ ಒಂದು ಮಿಲ್ಲಿನಲ್ಲಿ ದುಡಿದವರು. ಸೈರನ್ ಕೇಳಿಯೇ ಮನೆಯಲ್ಲಿ ಒಲೆ ಹಚ್ತಿದ್ರಂತೆ.

ಸಿನಿಮಾ ಕತೆ ಹಿಂಗೆ ಅಂದ್ಕೊಳ್ಳಿ. ಮುಚ್ಚಿ ಎಷ್ಟೋ ವರ್ಷ ಆದ ಮಿಲ್ಲಿನ ಸೈರನ್ ಒಂದು ಬೆಳಗಿನ ಜಾವ ಕೂಗುತ್ತೆ. ಊರಿನ ಅಜ್ಜಂದಿರೆಲ್ಲ ನಿದ್ದೆಗಣ್ಣಲ್ಲೇ ಎದ್ದು, ಸೈಕಲ್ ಒರೆಸಿ, "ಬುತ್ತಿ ಎಲ್ಲೇ?" ಅಂತಾರೆ. ಅಜ್ಜಿಯರ ಬೈಗುಳ ಶುರು. ಮೊಮ್ಮಗ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಿಂತು ವಿಡಿಯೋ ಮಾಡ್ತಾನೆ. ಇಲ್ಲೀವರೆಗೆ ಕಾಮಿಡಿ. ಮಿಲ್ಲಿನ ಒಳಗೆ ಯಾರೋ ಹಾಜರಿ ಕೂಗ್ತಿದ್ದಾರೆ, ತೀರಿಹೋದವರ ಹೆಸರಿಗೂ "ಬಂದೀನ್ರಿ" ಅನ್ನೋ ದನಿ ಬರ್ತಿದೆ. ಅವರು ಬಂದಿರೋದು ಕಾಡೋಕಲ್ಲ, ಬಾಕಿ ಕೇಳೋಕೆ. ತಾತ ತಮ್ಮ ಬಾಕಿಗೆ ಎಷ್ಟು ಸಲ ಅಲೆದ್ರೋ ಅವರಿಗೇ ಲೆಕ್ಕ ತಪ್ಪಿತ್ತು. ಪ್ರತಿ ಸಲ ಗೇಟಿನಲ್ಲಿ ಒಂದೇ ಉತ್ತರ: ನಾಳೆ ಬಾ.

ಇದನ್ನ ಯಾರಾದ್ರೂ ಮಾಡಿ, ನನಗೆ ಟಿಕೆಟ್ ಸಾಕು. ಸಂಗೀತಕ್ಕೆ ದೊಡ್ಡ ವಾದ್ಯಗೋಷ್ಠಿ ಬೇಡ, ಆ ಸೈರನ್ ಒಂದಿದ್ರೆ ಆಯ್ತು. ನಿಮ್ಮ ಮನೆಯ ಹಳೇ ಕ್ಯಾಸೆಟ್ಟಿನಲ್ಲಿ, ಮದುವೆ ವಿಡಿಯೋದ ಹಿಂದೆ ಎಲ್ಲಾದ್ರೂ ಅದರ ಕೂಗು ಉಳಿದಿದ್ರೆ ಕಳಿಸ್ರಿ, ಮುಂದಿನ ಕಂತನ್ನ ಅದರಿಂದಲೇ ಶುರು ಮಾಡ್ತೀನಿ.